ಜೆ-ಪೌಚ್ ಆಪರೇಷನ್ ಆದ ಮೇಲೆ: ಮನೆಯವರು ಕೇಳಿದ ಪ್ರಶ್ನೆಗಳು

ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವಾಗಿ ಹುಣ್ಣೇಳುವ ಅಲ್ಸರೇಟಿವ್ ಕೊಲೈಟಿಸ್ ಔಷಧಿಗೆ ಬಗ್ಗದೆ ಹೋದಾಗ ದೊಡ್ಡ ಕರುಳು, ಗುದನಾಳ ಎರಡನ್ನೂ ತೆಗೆಯಬೇಕಾಗುತ್ತದೆ. ಆಮೇಲೆ ಸಣ್ಣ ಕರುಳಿನ ತುದಿಯನ್ನು ಎರಡಾಗಿ ಮಡಚಿ, ಹೊಲಿದು, ಒಂದು ಚೀಲ ಮಾಡಿ ಗುದದ್ವಾರಕ್ಕೆ ಕೂಡಿಸುತ್ತಾರೆ. ಒಂದೊಂದು ಮಡಿಕೆ 15ರಿಂದ 20 ಸೆಂಟಿಮೀಟರ್. 1978ರಲ್ಲಿ ಲಂಡನ್ನಿನ ಪಾರ್ಕ್ಸ್ ಮತ್ತು ನಿಕಲ್ಸ್ ಪ್ರಕಟಿಸಿದ ಮೊದಲ ಚೀಲಕ್ಕೆ ಮೂರು ಮಡಿಕೆಗಳಿದ್ದವು. ಅದನ್ನು ಖಾಲಿ ಮಾಡಲು ಹಲವರು ನಳಿಗೆ ಹಾಕಿಕೊಳ್ಳಬೇಕಾಗುತ್ತಿತ್ತು. 1980ರಲ್ಲಿ ಜಪಾನಿನ ಉತ್ಸುನೊಮಿಯಾ ಎರಡೇ ಮಡಿಕೆಯ, ಜೆ ಅಕ್ಷರದ ಆಕಾರದ ಚೀಲ ಮಾಡಿದ ಮೇಲೆ ಆ ತೊಂದರೆ ತಪ್ಪಿತು. ಹೊಸ ಹೊಲಿಗೆ ಮಾಯುವವರೆಗೆ ಸಾಮಾನ್ಯವಾಗಿ ಎರಡು-ಮೂರು ತಿಂಗಳು ಮಲ ಹೊರಬರಲು ಹೊಟ್ಟೆಯ ಮೇಲೆ ತೂತು ಮಾಡಿ ಬ್ಯಾಗ್ ಹಚ್ಚಿರುತ್ತಾರೆ. ಆಮೇಲೆ ಆ ತೂತು ಮುಚ್ಚುವುದನ್ನೇ ಬ್ಯಾಗ್ ಮುಚ್ಚುವುದು ಎನ್ನುತ್ತಾರೆ. ಬ್ಯಾಗ್ ಮುಚ್ಚಿ ಮನೆಗೆ ಕಳಿಸಿದ ಮೇಲೆ ಏನು ಮಾಡಬೇಕು ಎಂದು ಕೇಳಿ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಿಗೆ ಇಲ್ಲಿ ಉತ್ತರವಿದೆ. ಬರೆದವರ ಹೆಸರು ಹಾಕಿಲ್ಲ.

ನಮ್ಮ ಮನೆಯವರಿಗೆ ಬ್ಯಾಗ್ ಮುಚ್ಚಿ ಮೂರು ವಾರ ಆಯ್ತು. ದಿನಕ್ಕೆ 14-15 ಸಲ ಸಂಡಾಸಕ್ಕೆ ಹೋಗ್ತಾರೆ. ಕೂಡಲಿಕ್ಕೂ ಆಗದಷ್ಟು ಉರಿ. ಉಂಡರೆ ಮತ್ತ ಹೋಗಬೇಕಾಗ್ತದ ಅಂತ ಮಧ್ಯಾಹ್ನದ ಊಟಾನೇ ಬಿಟ್ಟಾರೆ. ಆಪರೇಷನ್ ಕೆಟ್ಟದೇನು?
— ಓದುಗರು, ಆಳಂದ

ಕೆಟ್ಟಿಲ್ಲ, ತಾಯಿ. ಮೂರನೇ ವಾರಕ್ಕೆ ಹತ್ತು-ಹದಿನೈದು ಸಲ ಹೋಗುವುದು ನಿರೀಕ್ಷಿತವೇ. ಚೀಲ ಇನ್ನೂ ಚಿಕ್ಕದು, ಬಿಗಿಯಾದದ್ದು. ತಿಂಗಳುಗಳು ಕಳೆದಂತೆ ಅದು ಹಿಗ್ಗುತ್ತದೆ. ಗುದದ ಸ್ನಾಯುವಿಗೂ ಬ್ಯಾಗ್ ಇದ್ದಷ್ಟು ದಿನ ಕೆಲಸವಿರಲಿಲ್ಲ, ಅದೂ ಸೋತಿದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಹೆಚ್ಚಿನವರು ದಿನಕ್ಕೆ 4ರಿಂದ 8 ಸಲಕ್ಕೆ ಬಂದು ನಿಲ್ಲುತ್ತಾರೆ. ದೊಡ್ಡ ಕರುಳು ಇದ್ದವರ ಹಾಗೆ ಒಂದೆರಡು ಸಲಕ್ಕೆ ಇಳಿಯುವುದಿಲ್ಲ. ಇದನ್ನು ನೀವಿಬ್ಬರೂ ಈಗಲೇ ತಿಳಿದಿದ್ದರೆ ಮುಂದೆ ನಿರಾಸೆ ಕಡಿಮೆ.

ಮೊದಲು ಸರಿ ಮಾಡಬೇಕಾದದ್ದು ಊಟ ಬಿಡುವುದನ್ನು. ಹೊಟ್ಟೆ ಖಾಲಿ ಇದ್ದರೂ ಕರುಳಿನಲ್ಲಿ ಪಿತ್ತರಸ, ಜೀರ್ಣರಸ ಇಳಿಯುತ್ತಲೇ ಇರುತ್ತವೆ. ಅನ್ನದ ಜೊತೆ ಕೂಡಿಕೊಳ್ಳದೆ ಅವು ನೀರಾಗಿ ಕೆಳಗೆ ಬಂದರೆ ಚರ್ಮ ಸುಡುತ್ತದೆ, ಗ್ಯಾಸೂ ಹೆಚ್ಚುತ್ತದೆ. ಊಟ ಬಿಟ್ಟವರಿಗೆ ಉರಿ ಹೆಚ್ಚುವುದು ಹೀಗೆ. ದಿನದ ಅನ್ನವನ್ನು ಐದಾರು ಸಣ್ಣ ಪಾಲು ಮಾಡಿ ಎರಡೂವರೆ-ಮೂರು ತಾಸಿಗೊಮ್ಮೆ ಕೊಡಿ. ದೊಡ್ಡ ಊಟ ಮಧ್ಯಾಹ್ನ ಇರಲಿ. ರಾತ್ರಿಯದು ಏಳು ಗಂಟೆಯೊಳಗೆ ಮುಗಿಯಲಿ, ಮಲಗುವ ಹೊತ್ತಿಗೆ ಮೂರು ತಾಸಾದರೂ ಆಗಿರಬೇಕು.

ಮಲ ಗಟ್ಟಿ ಮಾಡುವ ಪದಾರ್ಥಗಳು ನಮ್ಮ ಅಡುಗೆಮನೆಯಲ್ಲೇ ಇವೆ. ಮೊಸರು ಕಲಸಿದ ಮೆತ್ತನ್ನ, ಹೆಸರುಬೇಳೆ ಹಾಕಿದ ತೆಳು ಖಿಚಡಿ, ಸಾಬುದಾಣಿ ಗಂಜಿ, ಕುದಿಸಿ ಹಿಚುಕಿದ ಬಟಾಟಿ, ಚೆನ್ನಾಗಿ ಮಾಗಿದ ಬಾಳೆಹಣ್ಣು, ಇಡ್ಲಿ. ಶಕ್ತಿ ಬರಲು ಮೊಟ್ಟೆ, ಮೆತ್ತಗೆ ಬೇಯಿಸಿದ ಮೀನು. ಶೇಂಗಾ ಇಡೀ ಕಾಳಾಗಿ ಬೇಡ. ಹುರಿದು, ಸಿಪ್ಪೆ ಕೇರಿ, ಮಿಕ್ಸರಿನಲ್ಲಿ ಎಣ್ಣೆ ಬಿಟ್ಟು ಮುದ್ದೆಯಾಗುವ ತನಕ ರುಬ್ಬಿ. ಬೆರಳ ಮಧ್ಯೆ ತಿಕ್ಕಿದರೆ ತರಿ ಸಿಗಬಾರದು. ಇದನ್ನು ಖಾರ ಹಾಕದೆ ಒಂದು ಚಮಚ ಅನ್ನಕ್ಕೆ ಕಲಸಿ ಕೊಡಬಹುದು. ಮನೆಯ ಶೇಂಗಾ ಹಿಂಡಿಯಲ್ಲಿ ಮೆಣಸಿನಕಾಯಿ ಇರುತ್ತದೆ, ಅದು ಈಗ ಆಗದು. ಮೆಣಸಿನ ಖಾರದ ಅಂಶ ಪೂರ್ತಿ ಜೀರ್ಣವಾಗದೆ ಕೆಳಗೂ ಅಷ್ಟೇ ಉರಿಸುತ್ತದೆ. ಎರಡು-ಮೂರು ತಿಂಗಳು ಜೀರಿಗೆ, ಧನಿಯಾ, ಒಣ ಶುಂಠಿಯಲ್ಲಿ ಒಗ್ಗರಣೆ ಸಾಗಿಸಿ. ಚಹಾ ತೆಳುವಾಗಿ ಒಂದೆರಡು ಕಪ್ ಸಾಕು. ಕಾಫಿ, ಸೋಡಾ, ಸಿಹಿ ಪಾನೀಯ, ಮದ್ಯ ಇವಿಷ್ಟೂ ಹರಿವು ಹೆಚ್ಚಿಸುವಂಥವು.

ಲೋಪೆರಮೈಡ್ 2 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿದ್ದರೆ ಅದನ್ನು ಊಟ ಆದ ಮೇಲೆ ನುಂಗಿ ಪ್ರಯೋಜನವಿಲ್ಲ. ಊಟಕ್ಕೆ ಅರ್ಧ ತಾಸು ಮೊದಲು ಮತ್ತು ಮಲಗುವಾಗ ತೆಗೆದುಕೊಂಡರೆ ಅನ್ನ ಇಳಿಯುವ ಹೊತ್ತಿಗೆ ಕರುಳಿನ ಓಟ ನಿಧಾನವಾಗಿರುತ್ತದೆ. ಎಷ್ಟು ಎಂಬುದು ವೈದ್ಯರ ಲೆಕ್ಕ. ಹೇಗೇ ಆದರೂ ದಿನಕ್ಕೆ 16 ಮಿ.ಗ್ರಾಂ. ದಾಟಬಾರದು, ಅತಿಯಾದರೆ ಹೃದಯದ ಬಡಿತಕ್ಕೇ ಅಪಾಯ. ಜ್ವರ, ರಕ್ತ, ಹೊಟ್ಟೆಯುಬ್ಬರ ಇದ್ದಾಗ ತಾವಾಗಿ ಕೊಡಲೇಬೇಡಿ. ಇಸಬ್‌ಗೋಲ್ ಕೂಡ ನೆರವಾಗುತ್ತದೆ, ಆದರೆ ಮಲಬದ್ಧತೆಗೆ ಕೊಡುವ ರೀತಿಯಲ್ಲಲ್ಲ. ಒಂದು ಚಮಚವನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ, ಆಮೇಲೆ ಮುಕ್ಕಾಲು ತಾಸು ಬೇರೆ ನೀರು ಬೇಡ. ಆಗ ಅದು ಕರುಳಿನೊಳಗಿನ ನೀರನ್ನೇ ಹೀರಿ ಮುದ್ದೆಯಾಗುತ್ತದೆ. ಒಣ ಪುಡಿ ಬಾಯಿಗೆ ಹಾಕಿಕೊಳ್ಳುವುದು ಬೇಡ, ಗಂಟಲಿಗೆ ಕಟ್ಟೀತು. ಚೀಲವನ್ನು ಗುದದ್ವಾರಕ್ಕೆ ಕೂಡಿಸಿದ ಜೋಡಣೆಯ ಜಾಗ ಕಿರಿದಾಗಿದೆ ಎಂದು ಸರ್ಜನ್ ಹೇಳಿದ್ದರೆ ಇದನ್ನು ಮುಟ್ಟಬೇಡಿ.

ಇನ್ನು ಉರಿ. ಸಾಬೂನು, ಸುಗಂಧದ ಒದ್ದೆ ಟಿಶ್ಯೂ, ಪೌಡರ್ ಮೂರನ್ನೂ ಸಂಡಾಸದಿಂದ ಹೊರಗಿಡಿ. ಪ್ರತಿ ಸಲ ಉಗುರುಬೆಚ್ಚಗಿನ ನೀರು ಹಾಕಿ ತೊಳೆದು, ಹಳೆಯ ಮೆತ್ತನೆ ಧೋತರದ ತುಂಡಿನಿಂದ ಒತ್ತಿ ಒಣಗಿಸಬೇಕು, ಉಜ್ಜಬಾರದು. ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು ದಪ್ಪವಾಗಿ ಹಚ್ಚಿ. ಒದ್ದೆ ಚರ್ಮಕ್ಕೆ ಅದು ಹಿಡಿಯುವುದಿಲ್ಲ. ಮುಂದಿನ ಸಲ ಹೊಲಸಾದ ಮೇಲ್ಪದರವನ್ನಷ್ಟೇ ಒರೆಸಿ, ಕೆಳಗಿನ ಬಿಳಿ ಪದರ ಇದ್ದಲ್ಲೇ ಇರಲಿ. ಅದನ್ನೂ ಕಿತ್ತು ತೊಳೆಯಲು ಹೋಗಿ ಹೊಸ ಚರ್ಮ ಕಿತ್ತುಬರುವುದೇ ಹೆಚ್ಚು. ಕೊಬ್ಬರಿ ಎಣ್ಣೆ ತೆಳು, ಬೇಗ ಜಾರಿಹೋಗುತ್ತದೆ. ದಿನಕ್ಕೆ ಎರಡು ಸಲ ಅಗಲ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂಡಿಸಿ. ಕೆಂಪು ಗುಳ್ಳೆಗಳು ಸುತ್ತಲೂ ಚುಕ್ಕೆ ಚುಕ್ಕೆಯಾಗಿ ಹರಡಿ ತುರಿಕೆಯೇ ಮುಂದಾಗಿದ್ದರೆ ಅದು ಶಿಲೀಂಧ್ರದ ಸೋಂಕು. ಅದಕ್ಕೆ ಬೇರೆ ಮುಲಾಮು, ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಕುಕ್ಕರುಗಾಲಿನ ಸಂಡಾಸ ಇದ್ದರೆ ಸರ್ಜಿಕಲ್ ಸಾಮಾನಿನ ಅಂಗಡಿಯಿಂದ ನಡುವೆ ತೂತಿರುವ ಕಮೋಡ್ ಕುರ್ಚಿ ತಂದು ಮೇಲಿಡಿ. ದಿನಕ್ಕೆ ಹದಿನೈದು ಸಲ ಕುಕ್ಕರಿಸಿ ಏಳುವುದು ಹಸಿ ಹೊಲಿಗೆಗೆ ಭಾರ. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವುದು ಆರು ವಾರ ಬೇಡವೇ ಬೇಡ.

ನಮ್ಮ ಯಜಮಾನರಿಗೆ ಏಪ್ರಿಲ್‌ನಲ್ಲಿ ಬ್ಯಾಗ್ ಮುಚ್ಚಿದರು. ಬಿಸಿಲಿಗೆ ದಿನಕ್ಕೆ ನಾಲ್ಕು-ಐದು ಲೀಟರ್ ನೀರು ಕುಡಿಸ್ತಾ ಇದ್ದೀನಿ. ಆದರೂ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರ್ತದ, ರಾತ್ರಿ ಮೀನಖಂಡ ಹಿಡೀತದ.
— ಓದುಗರು, ಶಹಾಪುರ

ಕೊರತೆ ನೀರಿನದಲ್ಲ, ಉಪ್ಪಿನದು. ದೊಡ್ಡ ಕರುಳು ದಿನಕ್ಕೆ ಒಂದು-ಒಂದೂವರೆ ಲೀಟರ್ ನೀರನ್ನೂ ಅದರ ಜೊತೆಗಿನ ಸೋಡಿಯಂ ಅನ್ನೂ ಹೀರಿ ರಕ್ತಕ್ಕೆ ಸೇರಿಸುತ್ತಿತ್ತು. ಈಗ ಆ ಅಂಗವಿಲ್ಲ. ಸಣ್ಣ ಕರುಳು ನೀರನ್ನು ಎಳೆದುಕೊಳ್ಳಬೇಕಾದರೆ ಅದರ ಜೊತೆ ಉಪ್ಪು, ಸಕ್ಕರೆ ಇರಬೇಕು. ಬರೀ ನೀರನ್ನು ಚೆಂಬುಗಟ್ಟಲೆ ಕುಡಿಸಿದರೆ ಅದು ಕರುಳಿನ ಉಪ್ಪನ್ನೂ ತೊಳೆದುಕೊಂಡು ಕೆಳಗೆ ಹೋಗುತ್ತದೆ. ನೀವು ಪ್ರೀತಿಯಿಂದ ಕುಡಿಸಿದ ನೀರೇ ಹರಿವು ಹೆಚ್ಚಿಸುತ್ತಿರಬಹುದು. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಬೆವರಿನಲ್ಲೂ ಉಪ್ಪು ಹೋಗುತ್ತದೆ.

ಒಆರ್‌ಎಸ್ ಪುಡಿ ತನ್ನಿ. ಪೊಟ್ಟಣದ ಹಿಂದೆ ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ ಎಂದು ಬರೆದಿರಬೇಕು. ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಅಂಗಡಿಯ ಹಣ್ಣಿನ ರುಚಿಯ ಡಬ್ಬಿ ಪಾನೀಯಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ, ಅವು ಇನ್ನಷ್ಟು ಹರಿಸುತ್ತವೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಹಾಕಿ ಗಟ್ಟಿ ಮಾಡಿದರೂ, ಎರಡು ಲೀಟರಿಗೆ ಹಾಕಿ ತೆಳು ಮಾಡಿದರೂ ಕೆಲಸ ಕೆಡುತ್ತದೆ. ಕಾಯಿಸಿ ಆರಿಸಿದ ನೀರು ಬಳಸಿ, 24 ತಾಸಿನ ಮೇಲೆ ಉಳಿದದ್ದು ಚೆಲ್ಲಿ. ಪುಡಿ ಸಿಗದ ಹೊತ್ತಿಗೆ ಒಂದು ಲೀಟರಿಗೆ ಮಟ್ಟಸ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ದಿನಕ್ಕೆ ಒಂದು ಲೀಟರ್ ಒಆರ್‌ಎಸ್ ಗುಟುಕು ಗುಟುಕಾಗಿ ಇರಲಿ. ಉಳಿದದ್ದಕ್ಕೆ ಉಪ್ಪು ಹಾಕಿದ ತೆಳು ಮಜ್ಜಿಗೆ, ಅಕ್ಕಿ ಗಂಜಿಯ ತಿಳಿ, ಬೇಳೆ ಕಟ್ಟು, ಸ್ವಲ್ಪ ಬರೀ ನೀರು. ಊಟದ ನಡುವೆ ತುಂಬ ಕುಡಿಯುವುದಕ್ಕಿಂತ ಅರ್ಧ ತಾಸು ಹಿಂದೆಮುಂದೆ ಕುಡಿದರೆ ಅನ್ನ ಬೇಗ ಜಾರುವುದಿಲ್ಲ. ಬಿ.ಪಿ., ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಉಪ್ಪಿನ ಲೆಕ್ಕ ವೈದ್ಯರನ್ನು ಕೇಳಿಯೇ ಹಾಕಿ. ಮೂತ್ರದ ಬಣ್ಣ ತಿಳಿ ಹಳದಿ ಇರಬೇಕು, ದಿನಕ್ಕೆ ಒಂದು ಲೀಟರಾದರೂ ಆಗಬೇಕು. ಗಾಢ ಬಣ್ಣಕ್ಕೆ ತಿರುಗಿ ಕಡಿಮೆಯಾದರೆ, ನಾಲಿಗೆ ಒಣಗಿದರೆ, ಎರಡು ಹೊತ್ತಿನ ಒಆರ್‌ಎಸ್‌ಗೂ ತಲೆ ತಿರುಗುವುದು ನಿಲ್ಲದಿದ್ದರೆ ಸಲೈನ್ ಬೇಕು. ಕಿಡ್ನಿಗೆ ಪೆಟ್ಟು ಬೀಳುವ ತನಕ ಕಾಯಬೇಡಿ. ನಿಮ್ಮ ಪತ್ರದಲ್ಲಿನ ಲಕ್ಷಣಗಳಿಗೆ ಈ ವಾರವೇ ರಕ್ತದಲ್ಲಿ ಸೋಡಿಯಂ, ಪೊಟ್ಯಾಷಿಯಂ, ಕ್ರಿಯಾಟಿನಿನ್, ಮೆಗ್ನೀಷಿಯಂ ಪರೀಕ್ಷೆ ಆಗಲಿ.

ಜೋಳದ ರೊಟ್ಟಿ ಇಲ್ಲದೆ ಊಟ ಆದಂಗ ಆಗಲ್ಲ ಅಂತಾರ. ಯಾವಾಗ ಕೊಡಬಹುದು?
— ಓದುಗರು, ಸೇಡಂ

ಬ್ಯಾಗ್ ಮುಚ್ಚಿ ಆರರಿಂದ ಎಂಟು ವಾರ ಕಳೆದು, ಮಲ ಗಂಜಿಯಷ್ಟು ಗಟ್ಟಿಯಾದ ಮೇಲೆ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಎರಡು ಸಲ ಸೋಸಿ ತೌಡು ತೆಗೆಯಿರಿ. ಬಿಸಿ ಬಿಸಿ ಮೆತ್ತನೆ ರೊಟ್ಟಿಯ ಕಾಲು ಭಾಗ ಹಾಲಿನಲ್ಲೋ ಬೇಳೆ ಕಟ್ಟಿನಲ್ಲೋ ನೆನೆಸಿ, ಹಿಚುಕಿ, ಮಧ್ಯಾಹ್ನದ ಊಟಕ್ಕೆ ಕೊಡಿ. ಮೂರು ದಿನ ಬೇರೆ ಯಾವ ಹೊಸ ಪದಾರ್ಥವೂ ಬೇಡ, ಇಲ್ಲದಿದ್ದರೆ ಕೆಡಿಸಿದ್ದು ಯಾವುದೆಂದು ಗೊತ್ತಾಗುವುದಿಲ್ಲ. ಒಗ್ಗಿದರೆ ಅರ್ಧ, ಆಮೇಲೆ ಒಂದು. ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ ಬಹಳ ತಡವಾಗಿ. ರೊಟ್ಟಿಯ ಜೊತೆ ತಿನ್ನುವ ಹಸಿ ಮೆಂತ್ಯ, ಹಸಿ ಉಳ್ಳಾಗಡ್ಡಿ, ನಾರಿನ ಪುಂಡಿಪಲ್ಯ, ಅಗಸಿ ಹಿಂಡಿ ಸದ್ಯಕ್ಕೆ ಬಿಡಿ. ನಮ್ಮ ತೊಗರಿಬೇಳೆಯನ್ನು ಮೊದಲು ಇಂಗು ಹಾಕಿದ ತೆಳು ಕಟ್ಟಾಗಿ ಕೊಡಿ, ದಪ್ಪ ಬೇಳೆ ಗ್ಯಾಸ್ ಮಾಡುತ್ತದೆ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇವೆ. ಚಳಿಗಾಲದಲ್ಲಿ ಹೊಲದಲ್ಲಿ ಸೀತನಿ, ಅಂದರೆ ಎಳೆ ಜೋಳದ ತೆನೆ ಸುಡುತ್ತಾರೆ, ಕರೆಯುತ್ತಾರೆ, ಬೊಗಸೆಗೆ ಹಾಕುತ್ತಾರೆ. ಸೀತನಿ, ಗೋವಿನಜೋಳದ ತೆನೆ, ಕೊಬ್ಬರಿ ಚೂರು, ಅಣಬೆ, ಕಬ್ಬಿನ ಸಿಪ್ಪೆ-ನಾರು ಇವೆಲ್ಲ ಕರುಳಿನಲ್ಲಿ ಗಂಟಾಗಿ ಸಿಕ್ಕಿಕೊಳ್ಳುವಂಥವು. ಆಪರೇಷನ್ ಆದ ಹೊಟ್ಟೆಯಲ್ಲಿ ಕರುಳುಗಳು ಅಲ್ಲಲ್ಲಿ ಅಂಟಿಕೊಂಡು ದಾರಿ ಇಕ್ಕಟ್ಟಾಗಿರಬಹುದು. ಹೊಟ್ಟೆ ಉಬ್ಬಿ, ಅಲೆ ಅಲೆಯಾಗಿ ನೋವು ಬಂದು, ಮಲ-ಗಾಳಿ ನಿಂತರೆ ಅಡ್ಡಗಟ್ಟಿದೆ ಎಂದರ್ಥ. ವಾಂತಿ ಇಲ್ಲದಿದ್ದರೆ ಗಟ್ಟಿ ಆಹಾರ ನಿಲ್ಲಿಸಿ, ಬೆಚ್ಚಗಿನ ದ್ರವ ಗುಟುಕಿಸಿ, ಸ್ವಲ್ಪ ನಡೆಸಿ, ಬಿಸಿನೀರಿನ ಸ್ನಾನ ಮಾಡಿಸಿ ಮೂರು-ನಾಲ್ಕು ತಾಸು ನೋಡಬಹುದು. ವಾಂತಿ ಶುರುವಾದರೆ, ನೋವು ಬಿಡದೆ ಕೂತರೆ ಒಂದು ಗಳಿಗೆಯೂ ತಡೆಯದೆ ಆಸ್ಪತ್ರೆಗೆ. ಭೇದಿ ಮಾಡಿಸುವ ಮಾತ್ರೆ, ಎನಿಮಾ ಎರಡೂ ಅಪಾಯ. ರಾತ್ರಿ ಪಾಳಿಯ ವೈದ್ಯರಿಗೆ ಹೊಟ್ಟೆ ನೋಡಿದ ಮಾತ್ರಕ್ಕೆ ಒಳಗಿನ ಜೋಡಣೆ ತಿಳಿಯುವುದಿಲ್ಲ. ‘ದೊಡ್ಡ ಕರುಳು ತೆಗೆದಿದೆ, ಜೆ-ಪೌಚ್ ಇದೆ, ಸರ್ಜನ್ ಕೇಳದೆ ಗುದದ ಮೂಲಕ ಏನನ್ನೂ ಹಾಕಬೇಡಿ’ ಎಂದು ಬರೆದ ಚೀಟಿಯನ್ನು ಸರ್ಜನ್ನರ ಫೋನ್ ನಂಬರ್ ಸಹಿತ ಅವರ ಕಿಸೆಯಲ್ಲೇ ಇಡಿ. ಡಿಸ್ಚಾರ್ಜ್ ಕಾಗದದ ಫೋಟೊ ನಿಮ್ಮಿಬ್ಬರ ಮೊಬೈಲಿನಲ್ಲೂ ಇರಲಿ.

ನನ್ನ ಹೆಂಡತಿಗೆ 29 ವರ್ಷ. ಆಪರೇಷನ್ ಮುಗಿದು ನಾಲ್ಕು ತಿಂಗಳು. ರಾತ್ರಿ ಗೊತ್ತಿಲ್ಲದೆ ಸೋರುತ್ತದೆ ಎಂದು ಬೇರೆ ಕೋಣೆಯಲ್ಲಿ ಮಲಗುತ್ತಾಳೆ, ಹತ್ತಿರ ಸೇರಿಸುವುದಿಲ್ಲ. ಮಕ್ಕಳಿಲ್ಲ. ಯಾರನ್ನು ಕೇಳಬೇಕು ತಿಳಿಯದೆ ಬರೆದಿದ್ದೇನೆ.
— ಓದುಗರು, ಹುಮನಾಬಾದ್

ಬರೆದದ್ದು ಒಳ್ಳೆಯದಾಯಿತು. ಅವರು ದೂರ ಇಟ್ಟಿರುವುದು ನಿಮ್ಮನ್ನಲ್ಲ, ಹಾಸಿಗೆ ಹೊಲಸಾದೀತೆಂಬ ಭಯವನ್ನು. ಆ ಭಯಕ್ಕೆ ಮೊದಲು ಉತ್ತರ ಕೊಡಿ. ನಿದ್ದೆಯಲ್ಲಿ ಸ್ನಾಯು ಸಡಿಲವಾಗುತ್ತದೆ, ಮಲ ತೆಳುವಾಗಿದ್ದರೆ ಜಿನುಗುತ್ತದೆ. ಮೊದಲ ವರ್ಷ ಇದು ಬಹಳ ಜನರಿಗೆ ಆಗುವಂಥದ್ದೇ. ಏಳರೊಳಗೆ ಊಟ, ಮಲಗುವ ಮುನ್ನ ಚೀಲ ಖಾಲಿ ಮಾಡುವುದು, ವೈದ್ಯರು ಒಪ್ಪಿದರೆ ರಾತ್ರಿಯ ಲೋಪೆರಮೈಡ್, ಒಂದು ಪ್ಯಾಡ್. ಹಾಸಿಗೆಯ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಮಡಚಿದ ಹತ್ತಿಯ ದುಪ್ಪಟ್ಟಿ. ಇದೇ ಜೋಡಿಯನ್ನು ಇನ್ನೊಂದು ಪದರವಾಗಿ ಕೆಳಗೆ ಮೊದಲೇ ಹಾಸಿಡಿ. ಒದ್ದೆಯಾದರೆ ಮೇಲಿನ ಪದರ ಎಳೆದು ಬಕೆಟ್ಟಿಗೆ ಹಾಕಿದರೆ ಸಾಕು, ನಡುರಾತ್ರಿ ಹಾಸಿಗೆ ಬಿಚ್ಚಿ ಮತ್ತೆ ಹಾಸುವ ಗದ್ದಲ ಇಲ್ಲ. ಸಂಡಾಸದ ದಾರಿಗೆ ಸಣ್ಣ ದೀಪ ಉರಿಯಲಿ. ಆ ಬಟ್ಟೆಯನ್ನು ನೀವೇ ಒಗೆಯಿರಿ, ಮನೆಯ ಬೇರೆಯವರ ಕಣ್ಣಿಗೆ ಬೀಳದಂತೆ.

ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ ಗುದದ ಸ್ನಾಯುವಿನ ವ್ಯಾಯಾಮ: ಗಾಳಿ ತಡೆದ ಹಾಗೆ ಒಳಗೆ ಎಳೆದು ಐದು ಸೆಕೆಂಡ್ ಹಿಡಿದು, ಹತ್ತು ಸೆಕೆಂಡ್ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಫಲ ಕಾಣಲು ತಿಂಗಳುಗಳು ಬೇಕು.

ಗಂಡಹೆಂಡಿರ ಕೂಡುವಿಕೆಗೆ ಸಾಮಾನ್ಯವಾಗಿ ಆರು ವಾರ ಬಿಡಬೇಕು, ಒಳಗೆ ಮಾದಿದೆ ಎಂದು ಸರ್ಜನ್ ಹೇಳಬೇಕು. ಅದು ಆಗಿದ್ದರೂ ಅವರ ಮನಸ್ಸು ಸಿದ್ಧವಾಗುವ ತನಕ ಒಂದೇ ಕೋಣೆಯಲ್ಲಿ ಮಲಗುವುದಷ್ಟೇ ಸಾಕು. ಆಮೇಲೂ ಮೊದಲು ಚೀಲ ಖಾಲಿ ಮಾಡಿಕೊಳ್ಳಲಿ. ಹೊಟ್ಟೆಯ ಮೇಲೆ ಭಾರ ಬೀಳದ, ಪಕ್ಕಕ್ಕೆ ಮಲಗುವ ಭಂಗಿ ಹಗುರ. ಒಣಗಿ ನೋವಾದರೆ ನೀರಿನಂಶದ ಲೂಬ್ರಿಕೆಂಟ್ ಬಳಸಿ. ನೋವು ಉಳಿದರೆ ಸಹಿಸಿಕೊಳ್ಳದೆ ಸ್ತ್ರೀರೋಗ ತಜ್ಞರಲ್ಲಿ ಹೇಳಲಿ. ಮಕ್ಕಳ ವಿಷಯದಲ್ಲಿ ನೇರವಾಗಿಯೇ ಹೇಳಬೇಕು: ಆಪರೇಷನ್ನಿನ ನಂತರ ಕಿಬ್ಬೊಟ್ಟೆಯಲ್ಲಿ ಅಂಟುವಿಕೆಯಾಗಿ ಗರ್ಭನಾಳಗಳಿಗೆ ತೊಡಕಾಗಬಹುದು, ಗರ್ಭ ನಿಲ್ಲುವುದು ತಡವಾಗಬಹುದು. ಗರ್ಭಕೋಶ, ಅಂಡಾಶಯ ಹಾಗೇ ಇರುವುದರಿಂದ ಐ.ವಿ.ಎಫ್. ದಾರಿಯೂ ಇದೆ. ಚೀಲ ನೆಲೆಗೊಳ್ಳಲು ಸುಮಾರು ಒಂದು ವರ್ಷ ಬಿಟ್ಟು ಯೋಚಿಸಿ. ಹೆರಿಗೆ ಸಹಜವೋ ಸಿಸೇರಿಯನ್ನೋ ಎಂಬುದನ್ನು ಸರ್ಜನ್, ಹೆರಿಗೆ ತಜ್ಞರು ಕೂಡಿ ತೀರ್ಮಾನಿಸಬೇಕು. ಸ್ನಾಯುವಿಗೆ ಪೆಟ್ಟಾಗಬಾರದೆಂದು ಸಿಸೇರಿಯನ್ ಸೂಚಿಸುವವರೇ ಹೆಚ್ಚು. ಮಕ್ಕಳಾಗದ ಮಾತು ಮನೆಯಲ್ಲಿ ಎದ್ದಾಗ ಉತ್ತರ ಕೊಡುವವರು ನೀವಾಗಿರಬೇಕು, ಅವರಲ್ಲ.

ಒಂದು ವರ್ಷ ಚೆನ್ನಾಗಿದ್ದರು, ದಿನಕ್ಕೆ ಆರೇ ಸಲ. ಈ ತಿಂಗಳು ಒಮ್ಮೆಗೇ ಹನ್ನೆರಡಕ್ಕೆ ಏರಿದೆ, ಸ್ವಲ್ಪ ರಕ್ತ, ಮೈ ಬಿಸಿ, ಮೊಣಕಾಲು ನೋವು. ಔಷಧಿ ಅಂಗಡಿಯಲ್ಲಿ ಭೇದಿ ನಿಲ್ಲುವ ಮಾತ್ರೆ, ನೋವಿನ ಮಾತ್ರೆ ಕೊಟ್ಟರು.
— ಓದುಗರು, ಭಾಲ್ಕಿ

ಎರಡನ್ನೂ ನಿಲ್ಲಿಸಿ. ಹೆಚ್ಚಾಗಿ ಇದು ಪೌಚೈಟಿಸ್, ಅಂದರೆ ಚೀಲದ ಒಳಪದರದ ಉರಿಯೂತ. ಕೊಲೈಟಿಸ್‌ಗಾಗಿ ಜೆ-ಪೌಚ್ ಆದವರಲ್ಲಿ ಹತ್ತು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಬರುತ್ತದೆ. ಊಟದಲ್ಲಿ ನೀವು ಏನೋ ತಪ್ಪು ಮಾಡಿದಿರೆಂದು ಬಂದದ್ದಲ್ಲ. ಸರ್ಜನ್ ಅಥವಾ ಗ್ಯಾಸ್ಟ್ರೋ ತಜ್ಞರು ಚೀಲದೊಳಗೆ ದುರ್ಬೀನು ಹಾಕಿ ನೋಡಿ, ಮಲ ಪರೀಕ್ಷೆ ಮಾಡಿಸಿ, ಬೇರೆ ಸೋಂಕು ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಎರಡು ವಾರದ ಸಿಪ್ರೊಫ್ಲಾಕ್ಸಾಸಿನ್ ಅಥವಾ ಮೆಟ್ರೊನಿಡಜೋಲ್ ಕೊಡುತ್ತಾರೆ, ಹೆಚ್ಚಿನವರಿಗೆ ಕೆಲವೇ ದಿನದಲ್ಲಿ ಹಗುರಾಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ನುಂಗುವ ಎರಡು ತಾಸು ಹಿಂದೆಮುಂದೆ ಹಾಲು, ಮೊಸರು ಬೇಡ, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನಂತೂ ನುಂಗುವ ಆರು ತಾಸು ಮೊದಲಿನಿಂದ ಎರಡು ತಾಸು ಆಮೇಲಿನವರೆಗೆ ಕೊಡಬೇಡಿ, ಅವು ಔಷಧಿಯನ್ನು ಕಟ್ಟಿಹಾಕಿ ರಕ್ತಕ್ಕೆ ಸೇರಗೊಡುವುದಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುಹುರಿಯಲ್ಲಿ ನೋವು ಬಂದರೆ ಕೂಡಲೇ ತಿಳಿಸಿ. ಮೆಟ್ರೊನಿಡಜೋಲ್ ನಡೆಯುವಾಗ ಮದ್ಯ ಕೂಡದು, ಬಾಯಿ ಲೋಹದ ರುಚಿ ಆಗುವುದು ಸಹಜ.

ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಚೀಲವನ್ನು ಕೆರಳಿಸುತ್ತವೆ. ನೋವಿಗೆ ಪ್ಯಾರಸಿಟಮಾಲ್ ಸಾಕು. ಮಲ ದಾರದಂತೆ ಸಣ್ಣಗೆ ಬಂದು, ತಿಣುಕಿದರೂ ಪೂರ್ತಿ ಹೋಗದಿದ್ದರೆ ಅದು ಉರಿಯೂತವಲ್ಲ, ಜೋಡಣೆ ಕಿರಿದಾಗಿರುವ ಸೂಚನೆ. ಅದನ್ನು ಆಸ್ಪತ್ರೆಯಲ್ಲಿ ಹಿಗ್ಗಿಸುತ್ತಾರೆ.

‘ಎಷ್ಟು ಸಲ ಹೋದ್ರಿ, ಹ್ಯಾಂಗಿತ್ತು’ ಅಂತ ಕೇಳಿದ್ರ ಸಿಟ್ಟಿಗೇಳ್ತಾರ. ಕೇಳದೆ ಇದ್ರ ಡಾಕ್ಟರಿಗೆ ಏನು ಹೇಳಲಿ?
— ಓದುಗರು, ಚಿತ್ತಾಪುರ

ಬಾಗಿಲ ಹೊರಗೆ ನಿಂತು ಕೇಳಬೇಡಿ. ಒಂದು ನೋಟ್‌ಬುಕ್ ಅವರ ಕೈಗೇ ಕೊಡಿ. ಹೋದ ಸಲ, ನೀರೋ ಗಂಜಿಯೋ ಮುದ್ದೆಯೋ, ರಕ್ತ ಇತ್ತೇ, ಆ ದಿನದ ಹೊಸ ಪದಾರ್ಥ, ಮಾತ್ರೆಯ ಹೊತ್ತು. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ. ರಾತ್ರಿ ಒಂದೇ ಸಲ ಇಬ್ಬರೂ ನೋಡಿ. ಉಳಿದ ಹೊತ್ತು ಬೇರೆ ಮಾತಾಡಿ. ಬೀಟ್ರೂಟ್ ತಿಂದ ದಿನ ಬರೆದಿಡಿ, ಮಲ ಕೆಂಪಾಗಿ ಕಂಡು ರಕ್ತವೆಂದು ಗಾಬರಿಯಾಗುವುದು ತಪ್ಪುತ್ತದೆ. ಅವರು ಸಂಡಾಸದಲ್ಲಿದ್ದಾಗ ಬಾಗಿಲು ಬಡಿಯದಂತೆ ಮಕ್ಕಳಿಗೂ ಹೇಳಿ. ಮನೆಯಲ್ಲಿ ಒಂದೇ ಸಂಡಾಸ ಇದ್ದರೆ ಬೆಳಿಗ್ಗೆ ಎಲ್ಲರೂ ಅವರ ಹೊತ್ತು ಬಿಟ್ಟು ಹೋಗುವಂತೆ ಮಾತಾಡಿಕೊಳ್ಳಿ.

ಬ್ಯಾಗ್ ಮುಚ್ಚಿ ಎರಡು ತಿಂಗಳು. ರಂಜಾನಿನ ರೋಜಾ ಇಡ್ತೀನಿ ಅಂತಾರೆ. ಚೆಕಪ್‌ಗೆ ಹೈದರಾಬಾದಿಗೂ ಹೋಗಬೇಕು.
— ಓದುಗರು, ಬೀದರ್

ಈ ವರ್ಷ ರೋಜಾ ಬೇಡ. ಹಗಲಿಡೀ ಉಪ್ಪು-ನೀರು ಇಲ್ಲದಿದ್ದರೆ ಕಿಡ್ನಿ ತಡೆದುಕೊಳ್ಳುವ ಸ್ಥಿತಿ ಅವರದಲ್ಲ. ಕಾಯಿಲೆಯವರಿಗೆ ವಿನಾಯಿತಿ ಇರುವುದು ಅವರಿಗೂ ಗೊತ್ತು, ಮನೆಯ ಹಿರಿಯರಿಂದ ಒಂದು ಮಾತು ಹೇಳಿಸಿ. ಶ್ರಾವಣ ಸೋಮವಾರ, ಏಕಾದಶಿಯ ನಿರಾಹಾರಕ್ಕೂ ಇದೇ ಉತ್ತರ.

ಹೈದರಾಬಾದಿಗೆ ಬಸ್ಸಿಗಿಂತ ರೈಲು ವಾಸಿ, ಬೋಗಿಯಲ್ಲೇ ಸಂಡಾಸ ಇರುತ್ತದೆ. ಬಾಗಿಲಿನ ಹತ್ತಿರದ ಸೀಟು ಹಿಡಿಯಿರಿ. ಕೈಚೀಲದಲ್ಲಿ ಎರಡು ಜೊತೆ ಒಳಉಡುಪು, ಪ್ಯಾಡ್, ಮುಲಾಮು, ಮೆತ್ತನೆ ಬಟ್ಟೆ, ನೀರು ಹಾಕಿಕೊಳ್ಳಲು ಸಣ್ಣ ಬಾಟ್ಲಿ, ಕವರ್, ಒಆರ್‌ಎಸ್, ಬಾಳೆಹಣ್ಣು. ಹೊರಡುವ ಮುನ್ನ ಉಪವಾಸ ಕೆಡವಬೇಡಿ, ಎರಡು ತಾಸು ಮೊದಲು ಮೊಸರನ್ನ ಉಣಿಸಿ. ಚೆಕಪ್‌ಗೆ ಹೋದಾಗ ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಬಿ12, ವಿಟಮಿನ್ ಡಿ ಪರೀಕ್ಷೆ ಕೇಳಿ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಿ. ಬಿ12 ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ, ಚೀಲ ಮಾಡಿರುವುದೂ ಅದರಿಂದಲೇ. ಕಾಲು ಜುಮ್ಮೆನ್ನುವುದು, ನಾಲಿಗೆ ಹುಣ್ಣು, ಕಾರಣವಿಲ್ಲದ ಸುಸ್ತು ಕಂಡರೆ ವರ್ಷ ತುಂಬುವ ತನಕ ಕಾಯದೆ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಇಂಜೆಕ್ಷನ್ನಿನಿಂದ ತುಂಬಿಸುತ್ತಾರೆ.